ಬಾವಿ ಮುಚ್ಚಿದ ಶುಕ್ರವಾರ

ವರದಿ ನಾಲ್ಕು ತುಂಡಾಗಿ ಅನುಜಾಳ ಕಾಲ ಬಳಿ ಬಿತ್ತು. ಹರಿದವನು ಪಂಚಾಯ್ತಿ ಅಧ್ಯಕ್ಷ ಶಿವಲಿಂಗ. ಚಪ್ಪಾಳೆ ಹೊಡೆದದ್ದು ಇಡೀ ಊರು.

“ನಮ್ಮ ದೇವಿ ಬಾವಿ ನೀರು ಹೊಲಸಂತ!” ಅವನು ಮೈಕಿಗೆ ಬಾಯಿ ಹಚ್ಚಿ ಕೂಗಿದ. “ಬೆಳಗಾವಿಯೊಳಗ ಫ್ಯಾನಿನ ಕೆಳಗ ಕುಂತು ಬರದದ್ದಿದು. ಈ ಬಾಯಾರು ಜೈನರು, ಮನಿಯಾಗ ನೀರನ್ನೂ ಅರಿವಿಯೊಳಗ ಸೋಸಿ ಕುಡಿಯೋ ಮಂದಿ. ದೇವಿ ಮಹಿಮಾ ಇವರಿಗೆಲ್ಲಿ ತಿಳೀಬೇಕು? ಸಾಲಿಗೆ ಹೊಸಾ ಪಾಯಖಾನಿ ಕಟ್ಟಿಸಿದಾಂವ ನಾನು. ಸ್ವಚ್ಛತಾ ನನಗ ಕಲಸಬ್ಯಾಡ್ರಿ!”

ನೀರು ಪರೀಕ್ಷಿಸುವ ಕೆಲಸದಲ್ಲಿ ಹದಿನಾಲ್ಕು ವರ್ಷ ಸವೆಸಿದವಳು ಅನುಜಾ. ಖಾನಾಪುರದಿಂದ ಜಾಂಬೋಟಿ ಕಡೆಗಿರುವ ಈ ಊರಿನಲ್ಲಿ ಒಂದೇ ತಿಂಗಳೊಳಗೆ ಒಂಬತ್ತು ಮಕ್ಕಳಿಗೆ ಕಾಮಾಲೆ ತಗಲಿತ್ತು. ಒಂದು ಮಗು ತೀರಿಹೋಗಿತ್ತು. ಊರಿಗಿದ್ದದ್ದು ಎರಡೇ ಬಾವಿ, ಗುಡಿಯ ಮುಂದೊಂದು, ಶಾಲೆಯ ಹಿಂದೊಂದು. ಜಡಿಮಳೆಯಲ್ಲಿ ಅವಳೇ ಬಂದು ಎರಡರ ನೀರನ್ನೂ ತುಂಬಿಕೊಂಡಿದ್ದಳು. ತೊಯ್ದ ಬಾಟಲಿಯ ಮೇಲೆ ಪೆನ್ನು ಮೂಡದೆ, ಮುಚ್ಚಳಗಳನ್ನು ಸೆರಗಿನಿಂದ ಒರೆಸಿ ಅವುಗಳ ಮೇಲೆ ಒಂದು, ಎರಡು ಎಂದು ಬರೆದಿದ್ದಳು. ಗುಡಿಯ ಬಾವಿಯಲ್ಲಿ ಮಲದ ರೋಗಾಣು ತುಂಬಿವೆ, ಶಾಲೆಯದು ಸ್ವಚ್ಛ ಎಂದು ಫಲಿತಾಂಶ ಬಂದಿತ್ತು.

“ಹುಟ್ಟಿದಾಗಿಂದ ಗುಡಿ ಬಾವಿ ನೀರ ಕುಡದೀವಿ,” ಗುಂಪಿನಿಂದ ಮುದುಕ ಸತ್ಯಪ್ಪ ಕೇಳಿದ. “ದೊಡ್ಡವರಿಗೆ ಒಬ್ಬರಿಗೂ ಯಾಕ ಏನೂ ಆಗಿಲ್ರೀ?”

“ನಿಮ್ಮ ಮೈಗೆ ರೂಢಿ ಆಗಿರತೈತಿ, ಅಜ್ಜಾರ. ಹುಡುಗರಿಗೆ ತಡಿಯಂಗಿಲ್ಲ.”

ಈ ಉತ್ತರವನ್ನು ಅವಳು ಇಪ್ಪತ್ತು ಊರುಗಳಲ್ಲಿ ಕೊಟ್ಟಿದ್ದಳು. ನಾಲಿಗೆಯ ತುದಿಯಲ್ಲೇ ಇತ್ತು.

ಸಭೆ ಮುಗಿದ ಮೇಲೆ ಅವಳು ನೆಟ್ಟಗೆ ಗಂಗಾದೇವಿಯ ಮನೆಗೆ ಹೋದಳು. ಪ್ರತಿ ಶುಕ್ರವಾರ ದೇವಿ ಮೈಮೇಲೆ ಬರುವುದು ಈ ಮುದುಕಿಗೆ. ಅವಳ ಮೊಮ್ಮಗಳೂ ಆ ಒಂಬತ್ತರಲ್ಲಿ ಒಬ್ಬಳು, ಬೆಳಗಾವಿಯ ಆಸ್ಪತ್ರೆಯಲ್ಲಿ ಮಲಗಿದ್ದಳು.

“ನಿಮ್ಮ ಮಾತು ಖರೇ ಅನಸ್ತೈತಿ,” ಗಂಗಾದೇವಿ ಕಣ್ಣೊರೆಸಿಕೊಂಡಳು. “ಆದ್ರ ನಾ ಹೇಳಿದ್ರ ಯಾರ ಕೇಳ್ತಾರ? ಆಕಿ ಹೇಳಬೇಕು.”

“ಹಂಗಾದ್ರ ಆಕಿ ಹೆಸರಿಲೆ ನೀವ ಹೇಳ್ರಿ, ಆಯಿ. ಸ್ವಲ್ಪ ದಿನ ಈ ನೀರು ಬ್ಯಾಡ ಅಂತ, ಅಷ್ಟ ಸಾಕು.”

ಹೇಳಿದ ಕೂಡಲೇ ಅನುಜಾಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮಕ್ಕಳು ಉಳಿದರೆ ಸಾಕಾಗಿತ್ತು. ಮುದುಕಿ ಹೂಂ ಅಂದಳು.

ಶುಕ್ರವಾರ ಗುಡಿಯಂಗಳದಲ್ಲಿ ಗಂಗಾದೇವಿ ಕೂದಲು ಬಿಚ್ಚಿ ತೂಗಿದಳು. ದನಿ ಗಂಡುದನಿಯಾಯಿತು. “ನನ್ನ ಬಾವಿ ಮುಚ್ಚರಿ! ಎಂದೆಂದಿಗೂ ಮುಚ್ಚರಿ! ತಗದವನ ವಂಶ ಉಳಿಯಂಗಿಲ್ಲ!” ಕಂಬದ ಮರೆಯಲ್ಲಿ ನಿಂತಿದ್ದ ಅನುಜಾ, ಮುದುಕಿ ಒಪ್ಪಿಕೊಂಡದ್ದಕ್ಕಿಂತ ಹೆಚ್ಚೇ ಆಡಿಬಿಟ್ಟಳಲ್ಲ ಎಂದುಕೊಂಡಳು. ಎಂಥ ನಟನೆ!

ಮರುದಿನ ಮಧ್ಯಾಹ್ನದೊಳಗೆ ಬಾವಿಯ ಮೇಲೆ ಕಲ್ಲುಚಪ್ಪಡಿ ಬಿದ್ದವು. ಮೊದಲ ಕಾಯಿ ಒಡೆದವನು ಶಿವಲಿಂಗನೇ. ಊರಿನ ಕೊಡಗಳೆಲ್ಲ ಶಾಲೆಯ ಬಾವಿಯ ಕಡೆ ತಿರುಗಿದವು.

ಎರಡು ವಾರದ ಮೇಲೆ ಅದೇ ಅಂಗಳದಲ್ಲಿ ಅನುಜಾಳಿಗೆ ಶಾಲು ಹೊದಿಸಿದರು. ಹರಿದ ವರದಿಯನ್ನು ಅಂಟಿಸಿ, ಗಾಜಿನ ಚೌಕಟ್ಟು ಹಾಕಿಸಿ ವೇದಿಕೆಯ ಮೇಲೆ ಇಟ್ಟಿದ್ದರು. “ದೇವಿ ಹೇಳಿದ್ದನ್ನ ವಿಜ್ಞಾನನೂ ಹೇಳೈತಿ!” ಎಂದು ಶಿವಲಿಂಗ ಗುಡುಗುತ್ತಿದ್ದಾಗ ಅವಳಿಗೆ ಫೋನು ಬಂತು. ಲ್ಯಾಬಿನಲ್ಲಿ ಅವಳ ಜೊತೆ ಕೆಲಸ ಮಾಡುವ ಶಾದಾಬ. ಮರುಪರೀಕ್ಷೆಗೆಂದು ಅವನು ಆ ವಾರ ಬಂದು, ಚಪ್ಪಡಿಯ ಸಂದಿಯಿಂದಲೇ ಬಾಟಲಿ ಇಳಿಸಿ ನೀರು ಒಯ್ದಿದ್ದ.

“ಮೇಡಂ, ಗುಡಿ ಬಾವಿ ನೀರು ಸ್ವಚ್ಛ ಅದ. ಕೆಟ್ಟಿದ್ದು ಸಾಲಿದು. ಹೋದ ಸಲ ನಂಬರ್ ಮುಚ್ಚಳದ ಮ್ಯಾಲಷ್ಟ ಇದ್ವಲ್ರೀ. ನಾವಿಬ್ಬರೂ ಮಾತಾಡಕೋತ ಎರಡೂ ಮುಚ್ಚಳ ಒಮ್ಮೆಲೆ ತಗದಿದ್ವಿ. ಅದಲಿ ಬದಲಿ ಆಗ್ಯಾವ.”

ಒಂಬತ್ತೂ ಶಾಲೆಯ ಮಕ್ಕಳು, ಹಗಲೆಲ್ಲ ಶಾಲೆಯ ಬಾವಿಯ ನೀರು ಕುಡಿಯುವವರು. ಹೊಸ ಪಾಯಖಾನೆಯ ಗುಂಡಿ ಆ ಬಾವಿಯಿಂದ ಹತ್ತು ಹೆಜ್ಜೆ ದೂರವೂ ಇರಲಿಲ್ಲ. ಸತ್ಯಪ್ಪ ಅಂದೇ ಪುರಾವೆಯನ್ನು ಅವಳ ಕೈಗಿಟ್ಟಿದ್ದ. ತಳ್ಳಿಹಾಕಿದ್ದು ಅವಳು.

ಅವಳು ಮೈಕು ಕಸಿದುಕೊಂಡಳು. “ತಪ್ಪು ನಂದು. ಬಾಟಲಿ ಅದಲಿ ಬದಲಿ ಆಗ್ಯಾವ. ಸಾಲಿ ಬಾವಿ ನೀರ ಮುಟ್ಟಬ್ಯಾಡ್ರಿ. ಗುಡಿ ಬಾವಿ ತಗೀರಿ, ಕೈ ಮುಗೀತೀನಿ.”

ಗುಂಪಿನಲ್ಲಿ ಒಬ್ಬ ನಕ್ಕ, ಅವನ ಹಿಂದೆ ಎಲ್ಲರೂ ನಕ್ಕರು. ಶಿವಲಿಂಗ ನಗಲಿಲ್ಲ. ಪಾಯಖಾನೆಯ ಗುಂಡಿ ಎಲ್ಲಿದೆಯೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಚೌಕಟ್ಟನ್ನು ಎರಡೂ ಕೈಯಿಂದ ಎತ್ತಿ ಹಿಡಿದ.

“ಇದರ ಮ್ಯಾಲ ನಿಮ್ಮದ ಸಹಿ ಐತಿ, ಬಾಯಾರ. ನೀವು ವಾರಕ್ಕೊಂದು ಮಾತಾಡಬಹುದು. ದೇವಿ ಹಂಗ ಮಾತಾಡಂಗಿಲ್ಲ.”

ಅನುಜಾ ವೇದಿಕೆ ಇಳಿದು ಓಡಿದಳು. ಗಂಗಾದೇವಿ ಮುಂದಿನ ಸಾಲಿನಲ್ಲೇ ಇದ್ದಳು. ಹಿಂದಿನ ದಿನವಷ್ಟೇ ಆಸ್ಪತ್ರೆಯಿಂದ ಬಂದ ಮೊಮ್ಮಗಳು ಅವಳ ತೊಡೆಯ ಮೇಲಿದ್ದಳು. ಅನುಜಾ ಮಂಡಿಯೂರಿ ಅವಳ ಕಿವಿಯಲ್ಲಿ ಬೇಡಿಕೊಂಡಳು. “ಆಯಿ, ಅವತ್ತು ಹೇಳಿದಂಗ ಇನ್ನೊಮ್ಮೆ ಹೇಳ್ರಿ. ಬಾವಿ ತಗೀರಿ ಅಂತ ಹೇಳ್ರಿ. ನಿಮ್ಮ ಮಾತು ಒಂದ ಕೇಳ್ತಾರ.”

“ಅವತ್ತು ನಿಮ್ಮ ಮಾತ ಹೇಳಬೇಕಂತನ ಕುಂತಿದ್ದೆ, ಬಾಯಾರ,” ಎಂದಳು ಗಂಗಾದೇವಿ, ಶಾಲೆಯ ಬಾವಿಯ ನೀರಿನ ಲೋಟವನ್ನು ಮೊಮ್ಮಗಳ ಬಾಯಿಗೆ ಹಿಡಿಯುತ್ತ. “ನಾ ಬಾಯಿ ತಗಿಯೂದರೊಳಗ ಆಕಿ ಖರೇನ ಬಂದಳು.”