ಗುಡ್ಡದಾಚೆಯ ಸಂಜೆ

ಗುಡ್ಡದಾಚೆಯ ಕೇರಿಗೆ ಸಂಜೆ ಈವರೆಗೆ ಮುಟ್ಟಿರಲಿಲ್ಲ. ಗುಳೇದಗುಡ್ಡದ ನೇಕಾರಿಕೆ ತರಬೇತಿ ಶಾಲೆಯ ಹಳೆಯ ಮಗ್ಗಗಳಲ್ಲಿ ದಿನಾ ನೇಯುವ ಸಂಜೆಗೆ ಅಷ್ಟು ಅಗಲವಿರಲಿಲ್ಲ. ಅದು ಊರಿನ ಮೇಲಷ್ಟೇ ಹಾಸಿಕೊಳ್ಳುತ್ತಿತ್ತು. ಆಚೆಗೆ ಹೊತ್ತು ಮುಳುಗಿದೊಡನೆ ಗಪ್ಪನೆ ಕತ್ತಲು.

ಈ ವರ್ಷ ಸರಕಾರದ ಅನುದಾನದಲ್ಲಿ ಶಾಲೆಗೆ ಅಗಲದ ಮಗ್ಗ ಬಂತು, ಕೆಂಪು ಬೆಳಕಿನ ನೂಲೂ ಬಂತು. ಮೊದಲು ಕೂರುವ ಸರದಿ ಆಚೆ ಕೇರಿಯ ಹುಡುಗಿ ಕಸ್ತೂರಿಯದು. ಹೊಸ ನೂಲನ್ನು ಅವಳು ನೇರ ಮಗ್ಗಕ್ಕೆ ಏರಿಸಹೊರಟಾಗ ಸಂಗಪ್ಪ ಮಾಸ್ತರರು ತಡೆದರು.

"ಬರೇ ಮಗ್ಗದಾಗ ಶುರು ಮಾಡಬಾರದವ್ವಾ. ನಿನ್ನಿ ಸಂಜಿ ತುದಿ ತಗೋ, ಅದಕ್ಕ ಹೊಸಾ ಎಳಿ ಕಟ್ಟು."

"ನಿನ್ನಿದು ಯಾವುದಕ್ಕ ಕಟ್ಟಿದ್ರಿ, ಸರ್?"

"ಮೊನ್ನಿದಕ್ಕ. ಮೊದಲನೇ ಸಂಜಿ ಯಾರು ನೇದ್ರೋ ಗೊತ್ತಿಲ್ಲ. ಎಳಿ ಮಾತ್ರ ಇನ್ನೂ ಹರದಿಲ್ಲ."

ಅಂಗೈಯಲ್ಲಿ ಆ ತುದಿಗಳು ಬೆಚ್ಚಗಿದ್ದವು. ಕಸ್ತೂರಿ ಅವಸರದಲ್ಲಿ ಕಟ್ಟಿದ ಒಂದು ಗಂಟು ದಪ್ಪವಾಯಿತು. ಬಿಚ್ಚಿ ಕಟ್ಟಲು ಹೊತ್ತಿರಲಿಲ್ಲ. ನೇಯ್ದು ಮುಗಿಸಿ, ಮಾಸ್ತರರಿಗೆ ಒಪ್ಪಿಸಿ, ಮನೆಗೆ ಓಡಿದಳು.

ಅವ್ವ ದಿನದಂತೆ ಕಡ್ಡಿಪೆಟ್ಟಿಗೆ ಹಿಡಿದು ದೀಪದ ಮುಂದೆ ಕಾದಿದ್ದಳು. ಹೊತ್ತು ಮುಳುಗಿತು. ಕತ್ತಲು ಬರಲಿಲ್ಲ. ಗುಡ್ಡದ ನೆತ್ತಿಯಿಂದ ಕೆಂಪು ಮೆಲ್ಲಗೆ ಜಾರಿ ಬಂದು ಮಾಳಿಗೆಗಳ ಮೇಲೆ, ಎಮ್ಮೆಗಳ ಬೆನ್ನ ಮೇಲೆ ಹಾಸಿಕೊಂಡಿತು. ಕೇರಿಗೆ ಕೇರಿಯೇ ಹೊರಗೆ ಬಂದು ನಿಂತಿತು.

ಅವ್ವ ಕಡ್ಡಿಪೆಟ್ಟಿಗೆ ಕೆಳಗಿಟ್ಟು ಬಹಳ ಹೊತ್ತು ಮೇಲೆ ನೋಡಿದಳು.

"ಅಲ್ಲಿ ನಟ್ಟನಡುವ ಗಂಟಿನಂಗ ಮಿಂಚಾಕತ್ತೈತಲ್ಲ, ಏನದು?"

"ಅದು ನಾ ಕಟ್ಟಿದ್ದು, ಯವ್ವಾ."