ಮೈದಾನದಲ್ಲಿ ನುಡಿಯದ ಪದ

ಲಿಂಡ್ಸೆ ಎದುರಾಳಿಗಳ ಹೆಗಲ ಮೇಲೆ ಚಿಮ್ಮಿ, ಚೆಂಡನ್ನು ಹಿಡಿದು ಕೆಂಪು ಮಣ್ಣಿಗಿಳಿದನು. ಅವರ ಬಗೆಯ ಫುಟ್‌ಬಾಲಿನಲ್ಲಿ ಒದ್ದ ಚೆಂಡನ್ನು ಹೀಗೆ ಗಾಳಿಯಲ್ಲೇ ಕೈಯಿಂದ ಹಿಡಿಯುವುದಕ್ಕೂ ಪರೀಕ್ಷೆಯ ಅಂಕಕ್ಕೂ ಗೋಡೆಯ ಗುರುತಿಗೂ ಇಂಗ್ಲಿಷಿನಲ್ಲಿ ಒಂದೇ ಪದ. ಅದನ್ನೇ ಹೆಸರಾಗಿ ಹೊತ್ತಿದ್ದ ಅವನ ಅಣ್ಣ ತೀರಿಕೊಂಡಂದಿನಿಂದ ಊರಿನಲ್ಲಿ ಯಾರೂ ಅದನ್ನು ಉಚ್ಚರಿಸುತ್ತಿರಲಿಲ್ಲ. ಕರೆದರೆ ಸತ್ತವನು ಮರಳಿ ಬರುವನೆಂಬ ಭಯ.

“ಹಿಡ್ದ ನೋಡ್ರೋ, ಅದನ್ನ... ಹೆಸ್ರಿಲ್ಲದ್ದನ್ನ,” ಎಂದು ಧ್ವನಿವರ್ಧಕದಲ್ಲಿ ಆಟದ ವಿವರಣೆ ಕೊಡುತ್ತಿದ್ದ ಮುದುಕ ಜಕಮಾರ ತಡವರಿಸಿದನು.

“ನಾಲಿಗೆ ಮನೇಲಿ ಬಿಟ್‌ಬಂದ್ಯಾ, ಮಾವ?” ಎಂದು ಹೆಂಗಸರು ನಕ್ಕರು.

ಅವರ ನಡುವೆ ಕುಳಿತಿದ್ದ ಲಿಂಡ್ಸೆಯ ತಾಯಿ ನಂಗಾಲ ನಗಲಿಲ್ಲ. ಹಿರಿಯ ಮಗನನ್ನು ಒಮ್ಮೆ ಕರೆಯಬೇಕೆಂಬ ಹಂಬಲವನ್ನು ಅವಳು ವರ್ಷವಿಡೀ ನುಂಗಿಕೊಂಡಿದ್ದಳು. ಈಗ ಬಾಯಿಗೆ ಕೈ ಅಡ್ಡವಿಟ್ಟರೂ ಬೆರಳ ಸಂದಿಯಿಂದ ಪದ ಜಾರಿತು: “ಮಾರ್ಕ್.”

ಹೆಂಗಸರ ನಗೆ ನಿಂತಿತು. ಆ ಪಿಸುಮಾತು ಕೇಳಿಸದಷ್ಟು ದೂರದಲ್ಲಿದ್ದ ಲಿಂಡ್ಸೆ, ಅಣ್ಣ ಯಾವಾಗಲೂ ಓಡಿಬರುತ್ತಿದ್ದ ಬರಿದಾದ ಎಡಬದಿಗೆ, ತಿರುಗಿಯೂ ನೋಡದೆ, ಚೆಂಡನ್ನು ಹಾಯಿಸಿದನು.