ಕೆಂಪು ಗೆರೆಯ ಕೆಳಗೆ

ರೇಷನ್ ಅಂಗಡಿಯಲ್ಲಿ ಈಗ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಿಲ್ಲ, ಗಾಜಿನ ಕೊಳವೆ ಊದಿಸುತ್ತಾರೆ. ಒಳಗಿನ ಚೆಂಡು ಕೆಂಪು ಗೆರೆ ದಾಟಿದರೆ ಬರೀ ಅಕ್ಕಿ. ದಾಟದಿದ್ದರೆ ಅಕ್ಕಿಯ ಜೊತೆ ಉಸಿರಿನ ಗುಳಿಗೆಯೂ ಸಿಗುತ್ತದೆ. ಅದನ್ನು ನುಂಗಿ ಕೆಮ್ಮು ನಿಂತವರನ್ನು ನಾನಂತೂ ಕಂಡಿಲ್ಲ. ಆದರೂ ನುಂಗದೆ ಇರುವ ಧೈರ್ಯ ಯಾರಿಗಿದೆ? ಹಾಗಾಗಿ ಕಲ್ಲು ಪಾಲಿಶ್ ಮಾಡಿ ದೂಳು ಕುಡಿಯುವ ನಮ್ಮೂರಲ್ಲಿ ಎಲ್ಲರೂ ಮೆಲ್ಲಗೆ ಊದುವುದನ್ನು ಕಲಿತಿದ್ದಾರೆ.

ನಾನು ಕಲಿತಿರಲಿಲ್ಲ. ಇಪ್ಪತ್ತು ವರ್ಷ ಮದುವೆ ಮನೆಗಳಲ್ಲಿ ಶಹನಾಯಿ ಊದಿದವನು. ಹೋದ ತಿಂಗಳು ಚೆಂಡು ಗೆರೆ ದಾಟಿಸಿ, ಗುಳಿಗೆಯಿಲ್ಲದೆ ಮನೆಗೆ ಬಂದಿದ್ದೆ.

"ಈ ಸಲ ನಿಮ್ಮ ಕಲಾ ತೋರಸಬ್ಯಾಡ್ರಿ," ಎಂದು ಹೆಂಡತಿ ದ್ಯಾಮವ್ವ ಸಾಲಿನಲ್ಲಿ ನಿಂತಷ್ಟು ಹೊತ್ತೂ ಹೇಳಿದಳು. "ಮೆಲ್ಲಕ ಊದ್ರಿ. ಕೈ ಮುಗೀತೀನಿ."

ಕೊಳವೆ ಬಾಯಿಗೆ ಬಂತು. ಸುಳ್ಳು ಊದಲು ತುಟಿ ಒಪ್ಪಲಿಲ್ಲ. ಕಣ್ಣು ಮುಚ್ಚಿ, ಹೊಟ್ಟೆಯ ತಳದಿಂದ ಇದ್ದಷ್ಟನ್ನೂ ಎಳೆದು ಊದಿದೆ. ಕಣ್ಣು ಬಿಟ್ಟಾಗ ಚೆಂಡು ಗೆರೆಗಿಂತ ನಾಲ್ಕು ಬೆರಳು ಕೆಳಗೇ ನಡುಗುತ್ತಿತ್ತು.

ಅಂಗಡಿಯ ಮಲ್ಲೇಶಿ ಕಣ್ಣು ಹೊಡೆದ. "ಅಂತೂ ನೀವೂ ಕಲಿತ್ರಿ ನೋಡ್ರಿ ಕಾಕಾ."

ಮನೆಯ ದಾರಿಯಲ್ಲಿ ದ್ಯಾಮವ್ವ ಗುಳಿಗೆಗಳನ್ನು ಸೆರಗಿಗೆ ಕಟ್ಟಿಕೊಂಡಳು. ಎಷ್ಟೋ ದಿನದ ಮೇಲೆ ನಕ್ಕಳು. "ಎಷ್ಟ್ ಮೆಲ್ಲಕ ಊದಿದ್ರಿ! ಕಡೀಕೂ ನನ್ನ ಮಾತ ಕೇಳಿದ್ರಿ."

"ಹೂಂ," ಎಂದೆ. ಅದಕ್ಕಿಂತ ಉದ್ದದ ಮಾತಿಗೆ ಉಸಿರಿರಲಿಲ್ಲ.